ಇಬ್ಬನಿಗೆ ನೆನೆಯದ ಬಟ್ಟೆ

ನಿಮ್ಮನ್ನಾಗಲಿ, ನಿಮ್ಮ ಮನೆಯವರನ್ನಾಗಲಿ ನಾನು ಯಾವತ್ತೂ ಪ್ರಶ್ನೆ ಕೇಳುವುದಿಲ್ಲ ಎಂದು ಇನ್‌ಸ್ಪೆಕ್ಟರಮ್ಮ ಮದುವೆಯ ದಿನ ಗಂಡನಿಗೆ ಮಾತು ಕೊಟ್ಟಿದ್ದಳು.

ಅವನು ತಮಾಷೆಗೆ ಪಡೆದ ಮಾತಲ್ಲ ಅದು. ಆಗವಳು ಅಪರಾಧ ವಿಭಾಗದಲ್ಲಿದ್ದಳು. "ಊಟ ಆಯ್ತಾ" ಎಂದರೂ ಎದುರಿಗಿದ್ದವರು ಸಾಕ್ಷಿಗಾಗಿ ತಡಕಾಡುವಂಥ ದನಿ. ಮಾತುಕತೆಗೆ ಬಂದ ಭಾವೀ ಮಾವನನ್ನು, ದಾರಿಯಲ್ಲಿ ತಡವಾಯಿತೇ ಎಂದು ಸುಮ್ಮನೆ ವಿಚಾರಿಸಿದ್ದಕ್ಕೆ ಆತ ಬೆವರಿ, ಹೆಂಡತಿಗೂ ಗೊತ್ತಿಲ್ಲದ ಒಂದು ಸಿಗರೇಟಿನ ವಿಷಯ ಒಪ್ಪಿಕೊಂಡುಬಿಟ್ಟಿದ್ದ.

ಕೊಟ್ಟ ಮಾತನ್ನು ಅವಳು ಉಳಿಸಿಕೊಂಡಿದ್ದಳು. ಎರಡು ಮಕ್ಕಳನ್ನು ಒಂದೇ ಒಂದು "ಯಾಕೆ" ಇಲ್ಲದೆ ಬೆಳೆಸಿದಳು. ಹರಿದ ಅಂಗಿಯನ್ನು ನೋಡುವುದು, ಆಮೇಲೆ ಮಗುವನ್ನು ನೋಡುವುದು, ಆಮೇಲೆ ಮತ್ತೆ ಅಂಗಿಯನ್ನು. ಅಷ್ಟೇ. ಮಕ್ಕಳು ಮಾಡಿದ್ದನ್ನೂ ಹೇಳುತ್ತಿದ್ದವು, ಮಾಡದ್ದನ್ನೂ ಹೇಳುತ್ತಿದ್ದವು. ಈಗ ಅವು ದೊಡ್ಡವಾಗಿ ತಮ್ಮ ಪಾಡಿಗೆ ತಾವಿವೆ. ಅವಳು ನಿವೃತ್ತಳು. ಆ ಮಾತಿಗೆ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿರಲಿಲ್ಲ.

ಅದನ್ನು ಗಂಟಲಲ್ಲಿ ಸಿಕ್ಕಿಸಿಕೊಂಡು ಅವಳು ನಡುಸಮುದ್ರದಲ್ಲಿ, ಗಂಡನೇ ಕಟ್ಟಿದ ಹಾಯಿದೋಣಿಯ ಹೊಟ್ಟೆಯೊಳಗೆ ಮಂಡಿಯೂರಿದ್ದಳು. ಕುಡಿಯುವ ನೀರಿನ ಟ್ಯಾಂಕಿನಿಂದ ಆಗಷ್ಟೇ ಎಳೆದ ಅಳತೆಕೋಲು ಕೈಯಲ್ಲಿತ್ತು. ಕೋಲಿಗೆ ಮೇಲಿನಿಂದ ಕೆಳಗೆ ಮೂರು ಬಣ್ಣದ ದಾರ ಸುತ್ತಿತ್ತು: ಕೆಂಪು, ಹಳದಿ, ಕಪ್ಪು. ನಿನ್ನೆ ಹಳದಿ ಒದ್ದೆಯಾಗಿತ್ತು. ಇವತ್ತು ಕಪ್ಪು ಮಾತ್ರ.

ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರ ಕೆಟ್ಟು ಕೂತಾಗಿನಿಂದ ಯಾರೋ ತಮ್ಮ ಪಾಲಿಗಿಂತ ಹೆಚ್ಚು ನೀರು ತೆಗೆಯುತ್ತಿದ್ದರು. ದೋಣಿಯಲ್ಲಿ ಇದ್ದದ್ದೇ ನಾಲ್ಕು ಜನ. ತನ್ನನ್ನು ಬಿಟ್ಟರೆ ಮೂವರು: ಕಪ್ತಾನನೆನಿಸಿಕೊಂಡ ಗಂಡ, ಗಂಡನ ತಂಗಿ, ಮತ್ತೆ ಸಂಬಳದ ನಾವಿಕ ಗಡ್ಡಪ್ಪ.

ಕಪ್ಪು ದಾರವೆಂದರೆ ನಾಲ್ವರಿಗೆ ಎರಡು ದಿನ. ಕೈ ಬಿಗಿ ಹಿಡಿದರೆ ಮೂರು. ಎದುರಿನ ದಡ ಇನ್ನೂ ವಾರಗಳಾಚೆ. ಮಳೆಮೋಡ ಕಂಡು ಎಷ್ಟೋ ದಿನವಾಗಿತ್ತು. ದೋಣಿಯ ಹಿಂತುದಿಯಲ್ಲಿದ್ದ ಇನ್ನೊಂದು ಟ್ಯಾಂಕು ತುಂಬಿದೆ ಎಂಬುದೊಂದೇ ಸಮಾಧಾನ. ಅದರ ನಲ್ಲಿಗೆ ಕಪ್ತಾನನೇ ಟಾರು ಬಳಿದ ದಾರ ಸುತ್ತಿ ಬಿಗಿದಿಟ್ಟಿದ್ದ. ಕೊನೆಗಾಲಕ್ಕೆಂದು ಇಟ್ಟ ನೀರು ಅದು, ಅಲ್ಲಿಯವರೆಗೆ ಯಾರೂ ಮುಟ್ಟುವ ಹಾಗಿರಲಿಲ್ಲ.

"ಅತ್ತಿಗೆ, ಎಷ್ಟಿದೆ ನೀರು?" ಮೇಲಿನಿಂದ ನಾದಿನಿಯ ದನಿ ಬಂತು.

"ಇದೆ" ಅಂದಳು ಇನ್‌ಸ್ಪೆಕ್ಟರಮ್ಮ.

ದಿನವೂ ಇದೇ ಪ್ರಶ್ನೆ, ಇದೇ ಉತ್ತರ. ನಾಲ್ಕು ಜನರ ದೋಣಿಯಲ್ಲಿ ಅಳತೆ ಹೇಳುವುದೂ ಒಂದೇ, ಬೆರಳು ತೋರಿಸುವುದೂ ಒಂದೇ. ಕೈಯಲ್ಲಿ ಪುರಾವೆ ಇಲ್ಲದೆ ಬೆರಳು ಎತ್ತಿದವಳಲ್ಲ ಅವಳು. ಕೋಲನ್ನು ಸೆರಗಿನಲ್ಲಿ ಒರೆಸಿ, ಗೂಟಕ್ಕೆ ಸಿಕ್ಕಿಸಿ ಏಣಿ ಹತ್ತಿದಳು.

ದಿನಗಳಿಗೆ ಹೆಸರು ಹೋಗಿ ಎಷ್ಟೋ ಕಾಲವಾಗಿತ್ತು. ಗಾಳಿ ಒಂದೇ ದಿಕ್ಕಿನಿಂದ, ಒಂದೇ ಹದದಲ್ಲಿ ಬೀಸುತ್ತಿತ್ತು. ದೋಣಿ ಒಂದು ಬದಿಗೆ ವಾಲಿಕೊಂಡು, ಬಸ್ಸಿನಲ್ಲಿ ತೂಕಡಿಸುವವರ ತಲೆಯ ಹಾಗೆ ಬಾಗುತ್ತ, ಏಳುತ್ತ, ಮತ್ತೆ ಬಾಗುತ್ತ ಸಾಗುತ್ತಿತ್ತು. ಒಳಗೆ ಒಲೆ ತೊಟ್ಟಿಲಿನಂತೆ ತೂಗುತ್ತಿತ್ತು. ಅದರ ಮೇಲಿನ ಕೆಟಲ್ ಮಾತ್ರ ನೆಟ್ಟಗೆ. ಅದನ್ನೇ ನೋಡುತ್ತ ಕೂತರೆ ಸ್ವಲ್ಪ ಹೊತ್ತಿಗೆ ಕೆಟಲ್ ನಿಂತಿದೆ, ಲೋಕವೇ ತೂಗುತ್ತಿದೆ ಅನಿಸತೊಡಗುತ್ತಿತ್ತು.

ಯಾರೂ ಪೂರ್ತಿ ಎಚ್ಚರವಿರಲಿಲ್ಲ, ಯಾರೂ ಪೂರ್ತಿ ನಿದ್ದೆ ಮಾಡುತ್ತಿರಲಿಲ್ಲ. ಪಾಳಿ ಮುಗಿದ ಮೇಲೆ ಪಾಳಿ. ಹಸುಗೂಸಿದ್ದ ಮನೆಯ ನಿದ್ದೆ ನೆನಪಾಗುತ್ತಿತ್ತು ಅವಳಿಗೆ; ಎದ್ದಾಗ ಯಾವ ಹೊತ್ತೆಂದು ತಿಳಿಯದೆ, ಕೈ ಮಾತ್ರ ತನ್ನ ಪಾಡಿಗೆ ಕೆಲಸ ಮಾಡುವ ನಿದ್ದೆ.

ಗಂಡ ಹೆಂಡತಿಗೆ ಒಂದೇ ಹಾಸಿಗೆ, ಆದರೆ ಜೊತೆಗೆ ಮಲಗಿ ವಾರಗಳಾಗಿದ್ದವು. ಅವನು ಏಳುವಾಗ ಇವಳು ಮಲಗಬೇಕು. ಅವನು ಬಿಟ್ಟೆದ್ದ ಬಿಸಿ ತಗ್ಗಿನಲ್ಲೇ ಹೋಗಿ ಮುದುಡಿಕೊಳ್ಳುತ್ತಿದ್ದಳು. ಗಂಡನೆಂದರೆ ಈಗ ಏಣಿಯ ಮೇಲೆ ಎದುರಾಗುವ ಉಪ್ಪಿನ ವಾಸನೆ, ದಿಂಬಿನಲ್ಲಿ ಉಳಿದ ತಲೆಯ ಗುರುತು. ಈಚೆಗೆ ಆ ತಗ್ಗು ಅವಳಿಗೆ ಸಾಲುತ್ತಿರಲಿಲ್ಲ. ನಾನೇ ದಪ್ಪಗಾಗಿರಬೇಕು ಅಂದುಕೊಂಡಿದ್ದಳು.

ಮೊದಲು ಅನುಮಾನ ಬಂದದ್ದು, ನೀರಿನ್ನೂ ಹಳದಿಯ ಮೇಲಿದ್ದಾಗ, ಗಡ್ಡಪ್ಪನ ಮೇಲೆ. ಕಾರಣ, ಅವನ ಗಡ್ಡ.

ಯಂತ್ರ ಕೆಟ್ಟಾಗಿನಿಂದ ಸ್ನಾನ, ಪಾತ್ರೆ, ಬಟ್ಟೆ ಎಲ್ಲವೂ ಉಪ್ಪುನೀರಿನಲ್ಲೇ. ಸಿಹಿನೀರೆಂದರೆ ಬೆಳಿಗ್ಗೆ ತುಂಬಿಕೊಡುವ ತಲೆಗೊಂದು ಬಾಟಲಿ, ಕುಡಿಯುವುದಕ್ಕೆ. ಇನ್‌ಸ್ಪೆಕ್ಟರಮ್ಮನ ಕೂದಲು ಪೊರಕೆಯಾಗಿತ್ತು. ನಾದಿನಿ ತನ್ನ ಜಡೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಬಹುದು ಎಂದು ನಗುತ್ತಿದ್ದಳು. ಅಂಥದ್ದರಲ್ಲಿ ಗಡ್ಡಪ್ಪನ ಗಡ್ಡ ಮಾತ್ರ ಈಗ ತಾನೇ ತೊಳೆದ ಬೆಕ್ಕಿನ ಹಾಗೆ ಮೆತ್ತಗೆ, ಮಿರಮಿರ ಮಿಂಚುತ್ತ ಗಾಳಿಗೆ ಓಲಾಡುತ್ತಿತ್ತು.

ಎರಡು ದಿನ ಅವನನ್ನು ಗಮನಿಸಿದಳು. ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅಡುಗೆ ಎಣ್ಣೆಯ ಸೀಸೆಯನ್ನು ತಂದು ಅವನ ತಟ್ಟೆಯ ಪಕ್ಕದಲ್ಲಿಟ್ಟಳು. ಸೀಸೆಯನ್ನು ನೋಡಿದಳು. ಗಡ್ಡವನ್ನು ನೋಡಿದಳು. ಮತ್ತೆ ಸೀಸೆಯನ್ನು.

"ದಿನಾ ಒಂದೇ ಚಮಚ ಮೇಡಂ" ಅಂದ ಗಡ್ಡಪ್ಪ. "ಉಪ್ಪಿಗೆ ತುರಿಕೆ. ತಡ್ಕೊಳ್ಳಕ್ಕಾಗಲ್ಲ."

ಅವಳು ಇನ್ನೂ ನೋಡುತ್ತಲೇ ಇದ್ದಳು. ಅವನು ಬಿಸ್ಕತ್ತಿನ ಡಬ್ಬಿಯ ವಿಷಯವನ್ನೂ ಹೇಳಿದ. ಪಾಳಿಯಲ್ಲಿ ಒಮ್ಮೆ ತೂಕಡಿಸಿದ್ದನ್ನು ಹೇಳಿದ. ಮನೆಯಲ್ಲಿ ಹೆಂಡತಿಗೆ ಗಡ್ಡ ಬೋಳಿಸುತ್ತೇನೆಂದು ಹೇಳಿ ಬಂದಿದ್ದನ್ನೂ ಹೇಳಿದ. ಕಪ್ತಾನ ತಟ್ಟೆಯ ಮೇಲೆ ಬಗ್ಗಿ ನಗು ನುಂಗುತ್ತಿದ್ದ. ನೀರಿನ ಮಾತು ಮಾತ್ರ ಗಡ್ಡಪ್ಪನ ಬಾಯಿಂದ ಬರಲಿಲ್ಲ. ಅಷ್ಟೆಲ್ಲ ಕಕ್ಕಿದವನು ಅದೊಂದನ್ನು ಒಳಗಿಟ್ಟುಕೊಳ್ಳುವ ಗಟ್ಟಿಗನಲ್ಲ ಎಂದು ಅವಳಿಗೆ ಗೊತ್ತಿತ್ತು.

ಉಳಿದವರು ಇಬ್ಬರು. ಒಬ್ಬ ಗಂಡ, ಒಬ್ಬಳು ಗಂಡನ ತಂಗಿ. ಇಬ್ಬರೂ ಆ ಮಾತಿನ ಗೆರೆಯೊಳಗಿನವರು.

ಗುರುತು ಸಿಕ್ಕಿದ್ದು ಕಪ್ಪು ದಾರ ಕಂಡ ಮರುದಿನ ಬೆಳಗಿನ ಜಾವ, ಬಟ್ಟೆಯ ಹಗ್ಗದ ಮೇಲೆ.

ಉಪ್ಪುನೀರಿನಲ್ಲಿ ಒಗೆದ ಬಟ್ಟೆಗೆ ಒಂದು ಗುಣವಿದೆ. ಬಿಸಿಲಿಗೆ ಹಪ್ಪಳದಂತೆ ಒಣಗಿ ನಿಲ್ಲುತ್ತದೆ. ತಂಪು ಹೊತ್ತಿಗೆ, ಒಳಗಿನ ಉಪ್ಪು ಗಾಳಿಯ ಪಸೆಯನ್ನೆಲ್ಲ ಕುಡಿದು ಮತ್ತೆ ತೊಪ್ಪೆಯಾಗುತ್ತದೆ. ಎಷ್ಟು ಒಣಗಿಸಿದರೂ ಬೆಳಗಾಗುವಷ್ಟರಲ್ಲಿ ಎಲ್ಲ ಒದ್ದೆ. ಈ ದೋಣಿಯಲ್ಲಿ ಒಣಬಟ್ಟೆ ಎಂಬುದು ಮಧ್ಯಾಹ್ನದ ಮಾತು.

ಆ ಹೊತ್ತು ಸಮುದ್ರಕ್ಕೂ ಆಕಾಶಕ್ಕೂ ನಡುವೆ ಗೆರೆಯೇ ಇರಲಿಲ್ಲ. ಎರಡೂ ಒಂದೇ ಬೂದು ರೇಷ್ಮೆ. ದೋಣಿ ಅದರೊಳಗೆ ತೇಲುತ್ತಿದೆಯೋ ಹಾರುತ್ತಿದೆಯೋ ಹೇಳುವಂತಿರಲಿಲ್ಲ. ಇನ್‌ಸ್ಪೆಕ್ಟರಮ್ಮ ಅರೆನಿದ್ದೆಯಲ್ಲಿ ಹಗ್ಗದುದ್ದಕ್ಕೂ ಕೈ ಆಡಿಸುತ್ತ ಹೋದಳು. ಟವೆಲು, ಒದ್ದೆ. ಗಡ್ಡಪ್ಪನ ಬನೀನು, ಒದ್ದೆ. ಪಾತ್ರೆ ಒರೆಸುವ ಬಟ್ಟೆ, ಒದ್ದೆ.

ಆಮೇಲೆ ಬೆರಳಿಗೆ ಒಣಗಿದ್ದೇನೋ ತಗುಲಿತು.

ನಿದ್ದೆ ಹಾರಿಹೋಯಿತು. ಎರಡು ಪಾತ್ರೆಬಟ್ಟೆಗಳ ನಡುವೆ ಅಡಗಿಸಿ ಒಣಹಾಕಿದ ಅಗಲ ಕಡಿಮೆಯ ಪಟ್ಟಿ. ಎಳೆಮಗುವಿನ ಅಂಗಿಯಷ್ಟು ಮೆತ್ತಗೆ. ಮೂಗಿಗೆ ಹಿಡಿದರೆ ಉಪ್ಪಿನ ವಾಸನೆಯೂ ಇಲ್ಲ. ಇಬ್ಬನಿಗೆ ಅದು ನೆನೆದಿರಲಿಲ್ಲ. ಯಾಕೆಂದರೆ ಅದರಲ್ಲಿ ಉಪ್ಪೇ ಇರಲಿಲ್ಲ. ಯಾರೋ ಅದನ್ನು ಕುಡಿಯುವ ನೀರಿನಲ್ಲಿ ಒಗೆದಿದ್ದರು.

ಒಂದು ಅಂಚಿನಲ್ಲಿ ನೀಲಿ ಹೊಲಿಗೆ. ಅವಳೇ ಹೊಲಿದದ್ದು, ತಮ್ಮ ಹಾಸಿಗೆಯ ದಿಂಬಿನ ಚೀಲಕ್ಕೆ.

ಇದ್ದಲ್ಲೇ ಬಿಟ್ಟು ಬಂದಳು. ಬಿಸಿಲೇರುವ ಹೊತ್ತಿಗೆ ಪಟ್ಟಿ ಹಗ್ಗದ ಮೇಲಿರಲಿಲ್ಲ.

ಒಮ್ಮೆ ಕಣ್ಣು ಬಿಟ್ಟ ಮೇಲೆ ಮಿಕ್ಕಿದ್ದು ತಾನಾಗಿ ಕಾಣತೊಡಗಿತು. ಡೆಕ್ಕಿನ ಮೇಲೆ ಎಲ್ಲರೂ ಬರಿಗಾಲು. ಬೂಟು ಬಿರುಗಾಳಿಗೆ ಮಾತ್ರ ಎಂದು ಹೊರಡುವಾಗ ಕಟ್ಟುಮಾಡಿದವನೇ ಕಪ್ತಾನ. ಅವನೇ ಈಗ ಸುಡುವ ಬಿಸಿಲಲ್ಲಿ ಮಂಡಿಯುದ್ದದ ಬೂಟು ಹಾಕಿಕೊಂಡು ಕೂರುತ್ತಿದ್ದ. ನಾದಿನಿ ಟೀ ಮಾಡಿದಾಗ ಸಕ್ಕರೆ ಡಬ್ಬಿಯ ಮುಚ್ಚಳ ಮೂರು ಲೋಟಕ್ಕೆ ಮಾತ್ರ ತೆರೆಯುತ್ತಿತ್ತು. ನಾಲ್ಕನೆಯದಕ್ಕೆ ಬರೀ ಚಮಚ ಹಾಕಿ, ಹಾಕಿದವಳ ಹಾಗೆ ಸದ್ದು ಮಾಡಿ ಕಲಕುತ್ತಿದ್ದಳು. ಆ ಲೋಟ ಅಣ್ಣನಿಗೆ.

ಕೊನೆಗೆ ಅವನ ಸೊಂಟದ ಬೆಲ್ಟು. ನೀರಿಗೆ ಬೀಳದಂತೆ ದೋಣಿಗೆ ಕಟ್ಟಿಕೊಳ್ಳುವ ಅಗಲವಾದ ಪಟ್ಟಿ. ಹಳೆಯ ತೂತಿನ ಸುತ್ತ ವರ್ಷಗಳ ಸವೆತ. ಕೊಂಡಿ ಈಗ ಅದಕ್ಕಿಂತ ಎಷ್ಟೋ ಒಳಗಿನ ಹೊಸ ತೂತಿನಲ್ಲಿತ್ತು. ಹೊಸ ತೂತು ಚಾಕುವಿನಲ್ಲಿ ಕೊರೆದದ್ದು.

ಹಾಸಿಗೆಯ ತಗ್ಗು ಚಿಕ್ಕದಾಗಿದ್ದು ಯಾಕೆಂದು ಅವಳಿಗೆ ಆಗ ತಿಳಿಯಿತು. ಅವಳು ದಪ್ಪಗಾಗಿರಲಿಲ್ಲ.

ಊಟದ ನಂತರದ ಹೊತ್ತು ಕಪ್ತಾನನದ್ದು. ತನ್ನ ಪಾಳಿಯಲ್ಲಿ ಚುಕ್ಕಾಣಿಯನ್ನು ತಾನಾಗಿ ದಿಕ್ಕು ಹಿಡಿಯುವ ಯಂತ್ರಕ್ಕೆ ಬಿಡುವವನಲ್ಲ ಅವನು. ನಾದಿನಿ ಕೆಳಗೆ ಅಡುಗೆಮೂಲೆಯಲ್ಲಿದ್ದಳು. ಗಡ್ಡಪ್ಪ ಮುಂದೆ ಹಾಯಿಕಂಬದ ನೆರಳಲ್ಲಿ ಹರಿದ ಹಾಯಿ ಹೊಲಿಯುತ್ತಿದ್ದ. ನೀರು ಕರಗಿದ ಗಾಜಿನ ಹಾಗೆ ಹಿಂದಕ್ಕೆ ಜಾರುತ್ತಿತ್ತು.

ಇನ್‌ಸ್ಪೆಕ್ಟರಮ್ಮ ಬಂದು ಗಂಡನ ಎದುರು ಕೂತಳು.

"ನಿಮ್ಮ ಬೆಲ್ಟಿಗೆ ಹೊಸ ತೂತು ಬಂದಿದೆ" ಅಂದಳು.

ಅವನು ಮುಂದಿನ ದಿಗಂತದಿಂದ ಕಣ್ಣು ತೆಗೆಯಲಿಲ್ಲ. "ಇದು ಪ್ರಶ್ನೆನಾ, ಇನ್‌ಸ್ಪೆಕ್ಟ್ರೇ?"

"ಅಲ್ಲ. ಕಂಡಿದ್ದು ಹೇಳ್ದೆ."

"ಕಾಣ್ಲಿ ಬಿಡು. ಕಣ್ಣಿರೋದೇ ಅದಕ್ಕೆ."

"ಬೂಟು ಹಾಕ್ಕೊಂಡು ವಾರದ ಮೇಲಾಯ್ತು."

"ಕಪ್ತಾನ ಅಂದ್ಮೇಲೆ ಒಂದು ಗತ್ತು ಬೇಡ್ವಾ."

"ನಿಮ್ಮ ಟೀಗೆ ನಿಮ್ಮ ತಂಗಿ ಸಕ್ಕರೆ ಹಾಕಲ್ಲ. ಹಾಕಿದ ಹಾಗೆ ಕಲಕ್ತಾಳೆ."

ಹಾಯಿ ಒಮ್ಮೆ ಉಸಿರೆಳೆದುಕೊಂಡು ಬಿಟ್ಟಿತು.

"ನಮ್ಮ ದಿಂಬಿನ ಚೀಲ ಹರಿದಿದೆ" ಅಂದಳು ಅವಳು. "ನೀಲಿ ಅಂಚಿನ ಕಡೆ. ಒಂದು ಪಟ್ಟಿ ಹೋಗಿದೆ."

"ಇಲಿ ಇರ್ಬೇಕು."

"ಬೂಟು ಬಿಚ್ಚಿ."

ಅದೂ ಪ್ರಶ್ನೆಯಾಗಿರಲಿಲ್ಲ. ಕಪ್ತಾನ, ಶಾಲೆಯಿಂದ ಬಂದ ಹುಡುಗನ ಹಾಗೆ, ಎಡಗಾಲನ್ನು ಅವಳ ಕಡೆ ಚಾಚಿದ. ಎಳೆದದ್ದು ಅವಳೇ.

ಹಿಮ್ಮಡಿಗೆ ಸುತ್ತಿದ್ದ ಪಟ್ಟಿಯ ಅಂಚಿನಲ್ಲಿ ಅವಳದೇ ನೀಲಿ ಹೊಲಿಗೆ. ಬಿಚ್ಚಿದಳು. ಹಗ್ಗದ ಕೊಂಡಿ ತರಚಿದ ಗಾಯ, ಹೊರಟ ಹೊಸತರದ್ದು. ವಾರದಲ್ಲಿ ಮಾಯಬೇಕಾದದ್ದು ಮಾಯದೆ, ಅಂಚು ಕಪ್ಪಿಟ್ಟು, ಒಳಗೊಳಗೇ ಅಗಲವಾಗಿತ್ತು. ಎಷ್ಟೋ ಹೆಣ ಕಂಡವಳು ಅವಳು. ಆ ಹಿಮ್ಮಡಿಯನ್ನು ನೋಡುವುದು ಅವಕ್ಕಿಂತ ಕಷ್ಟವಾಯಿತು.

ಒಂದು ಪ್ರಶ್ನೆಯೂ ಇಲ್ಲದೆ ಮಿಕ್ಕಿದ್ದನ್ನು ಅವನೇ ಹೇಳಿದ. ಮಾತು ನಿಧಾನವಾಗಿತ್ತು; ನಡುನಡುವೆ ಯಾವುದೋ ಪದವನ್ನು ಹುಡುಕುತ್ತ ಅಲ್ಲೇ ನಿಲ್ಲುತ್ತಿದ್ದ. ಹೊರಡುವುದಕ್ಕೆ ಮುಂಚೆಯೇ ಬಾಯಾರಿಕೆ ಶುರುವಾಗಿತ್ತಂತೆ. ಸೆಕೆ ಅಂದುಕೊಂಡನಂತೆ. ಪತ್ತೆ ಹಚ್ಚಿದವಳು ತಂಗಿ. ಹಲ್ಲಿನ ಡಾಕ್ಟರು ಅವಳು, ಜನರ ಬಾಯಿಯ ಹತ್ತಿರವೇ ಬದುಕು ಕಳೆದವಳು. ಒಂದು ಬೆಳಿಗ್ಗೆ ಅಣ್ಣ ಆಕಳಿಸಿದಾಗ ಮಾಗಿದ ಹಣ್ಣಿನ ವಾಸನೆ ಬಂತು. ರಕ್ತದಲ್ಲಿ ಸಕ್ಕರೆ ಉಕ್ಕಿ ಹರಿಯುತ್ತಿದೆ, ಇದಕ್ಕೆ ಬೇಕಾದ ಚುಚ್ಚುಮದ್ದು ನಮ್ಮ ಪೆಟ್ಟಿಗೆಯಲ್ಲಿಲ್ಲ, ಪಕ್ಕದ ದ್ವೀಪಕ್ಕೆ ತಿರುಗಿಸು ಎಂದು ಅಳುತ್ತ ಕೂತಳಂತೆ. ಅತ್ತಿಗೆಯ ಹತ್ತಿರ ನೀನಾಗಿ ಬಾಯಿ ಬಿಡಬಾರದು ಎಂದು ಇವನು ಅವಳಿಂದ ಮಾತು ತೆಗೆದುಕೊಂಡ.

"ನಿನಗೆ ಗೊತ್ತಾಗಿದ್ರೆ ನೀನು ತಿರುಗಿಸಿಬಿಡ್ತಿದ್ದೆ" ಅಂದ. "ಹಿತ್ತಲಲ್ಲಿ ಈ ದೋಣಿ ಕಟ್ತಾ ಕಟ್ತಾ ನನ್ನ ತಲೆ ಬೆಳ್ಳಗಾಯ್ತು. ಅರ್ಧ ದಾರೀಲಿ ವಾಪಸ್ ಹೋಗೋಕೆ ಕಟ್ಟಿದ್ದಲ್ಲ."

ಅವಳ ನಾಲಗೆಯ ತುದಿಗೆ ಒಂದು "ಯಾಕೆ" ಬಂದು ನಿಂತಿತು. ನುಂಗಿದಳು.

"ನೀರು ತೆಗೆದಿದ್ದು ನಾನೇ. ಪಾಳಿ ಪಾಳಿಗೂ." ಅವನು ಸಮುದ್ರದ ಕಡೆ ನೋಡುತ್ತಿದ್ದ. "ಎಷ್ಟು ಕುಡಿದ್ರೂ ಗಂಟಲಿಗೆ ತಲುಪಲ್ಲ ಕಣೇ. ಸುತ್ತ ಇಷ್ಟೊಂದು ನೀರು. ಒಂದೊಂದು ಹೊತ್ತಲ್ಲಿ ಇದೆಲ್ಲ ಸಿಹಿಯಾಗಿದೆ, ಯಾರೋ ಸುಳ್ಳು ಹೇಳ್ತಿದಾರೆ ಅನ್ಸುತ್ತೆ."

ಅವಳು ಗಾಯಕ್ಕೆ ಮತ್ತೆ ಪಟ್ಟಿ ಸುತ್ತಿದಳು.

"ದ್ವೀಪಕ್ಕೆ ತಿರುಗಿಸಿ" ಅಂದಳು.

ಅವನು ಜಗಳಕ್ಕೆ ಬರಲಿಲ್ಲ. ಅದೇ ಅವಳಿಗೆ ಭಯ ಹುಟ್ಟಿಸಿತು. ಇಪ್ಪತ್ತು ಸಲ ವಾದ ಮಾಡಿ ಸೋಲುವ ಗಂಡ ಅವನು. ಸುಮ್ಮನೆ ತಲೆಯಾಡಿಸಿ, ಗಾಳಿಗೆ ಎದುರಾಗಿ ಹೋಗಬೇಕು, ಐದಾರು ದಿನವಾದೀತು ಅಂದ. ಅಷ್ಟು ದೂರಕ್ಕೆ ಹಾರಿ ಬರುವ ಹೆಲಿಕಾಪ್ಟರ್ ಇಲ್ಲ, ನಾವೇ ಹೋಗಬೇಕು ಅಂದ.

"ಹಿಂದಿನ ಟ್ಯಾಂಕು ಇದೆಯಲ್ಲ, ನೀರಿಗೆ ಯೋಚನೆ ಇಲ್ಲ" ಎಂದ. "ಅದನ್ನ ಮುಟ್ಟಿಲ್ಲ ನಾನು. ಮಕ್ಕಳಾಣೆ."

ಚುಕ್ಕಾಣಿ ತಿರುಗಿತು. ವಾರಗಟ್ಟಲೆ ಒಂದೇ ಬದಿಗೆ ವಾಲಿದ್ದ ಲೋಕ ನಿಧಾನವಾಗಿ ಎದ್ದು, ಒಂದು ಗಳಿಗೆ ನೆಟ್ಟಗೆ ನಿಂತು, ಇನ್ನೊಂದು ಬದಿಗೆ ಒರಗಿತು. ಕೆಳಗೆ ಲೋಟಗಳೆಲ್ಲ ಕಿಣಿಕಿಣಿ ಎಂದು ಮನೆ ಬದಲಾಯಿಸಿದವು. ಬಿಸಿಲು ಅವನ ಮುಖದ ಈಚೆ ಬದಿಗೆ ಬಿತ್ತು. ಕೆನ್ನೆ ಎಷ್ಟು ಒಳಗೆ ಹೋಗಿತ್ತೆಂದು ಅವಳು ಆಗ ಕಂಡಳು.

ಹಿಂದಿನ ಟ್ಯಾಂಕಿನ ನಲ್ಲಿ ಬಿಚ್ಚಿ ಅವನಿಗೆ ಮೊದಲು ಒಂದು ಲೋಟ ತುಂಬಾ ನೀರು ತರೋಣವೆಂದು ಎದ್ದಳು. ಕದ್ದು ಕುಡಿಯದೆ, ಎಲ್ಲರೆದುರು, ಹೊಟ್ಟೆ ತುಂಬಾ. ಅಳತೆಕೋಲನ್ನೂ ಜೊತೆಗೆ ತೆಗೆದುಕೊಂಡಳು.

ದೋಣಿಯ ಹಿಂತುದಿಯಲ್ಲಿ, ನೆಲದ ಹಲಗೆ ಎತ್ತಿದರೆ ಕಾಣುವ ಕತ್ತಲೆಯಲ್ಲಿ ಆ ನಲ್ಲಿ. ಕೈಹಾಕಿದಳು. ಟಾರಿನ ದಾರದ ಜಿಗುಟು ಬೆರಳಿಗೆ ಅಂಟಬೇಕಿತ್ತು. ಅಂಟಲಿಲ್ಲ. ನಯವಾದ, ತೆಳ್ಳನೆಯ, ಬಿಳಿಯ ದಾರವೊಂದು ಬಹಳ ಅಚ್ಚುಕಟ್ಟಾಗಿ ಸುತ್ತಿತ್ತು. ಆ ತೇವದ, ಎಣ್ಣೆಯ, ಹಳೆಯ ಮರದ ವಾಸನೆಯ ನಡುವೆ ಅಲ್ಲಿ ಇರಬಾರದ ಇನ್ನೊಂದು ವಾಸನೆ.

ಪುದೀನ.

ಹಲ್ಲಿನ ಸಂದಿ ಶುಚಿ ಮಾಡುವ ದಾರ. ಈ ದೋಣಿಯಲ್ಲಿ ಗುಂಡಿ ಹೊಲಿಯುವುದಕ್ಕೂ, ಮುರಿದ ಕನ್ನಡಕ ಕಟ್ಟುವುದಕ್ಕೂ ಅದನ್ನು ಬಳಸುವವಳು ಒಬ್ಬಳೇ.

ಮುಚ್ಚಳ ತೆಗೆದು ಕೋಲು ಇಳಿಸಿದಳು. ತಳಕ್ಕೆ ಬಡಿದು ಖಾಲಿ ಡಬ್ಬಿಯ ಸದ್ದು ಬಂತು. ಎಳೆದಳು. ಕೆಂಪು ಒಣ. ಹಳದಿ ಒಣ. ಕಪ್ಪು ಒಣ.

ಓಲಾಡುವ ನೆಲದ ಮೇಲೆ ಗೋಡೆ ಹಿಡಿದುಕೊಂಡು ಅಡುಗೆಮೂಲೆಗೆ ಬಂದಳು.

ನಾದಿನಿ ಮೊಟ್ಟೆ ತಿರುಗಿಸುತ್ತಿದ್ದಳು. ದೂರದ ಪಯಣದಲ್ಲಿ ಅದು ನಿತ್ಯದ ಕೆಲಸ; ಮೊಟ್ಟೆ ಒಂದೇ ಮಗ್ಗುಲಲ್ಲಿ ಮಲಗಿದರೆ ಕೆಡುತ್ತದೆಂದು ಒಂದೊಂದನ್ನೇ ಎತ್ತಿ, ಮಗ್ಗುಲು ಬದಲಿಸಿ, ಮತ್ತೆ ಅದರ ಗುಳಿಯಲ್ಲಿಡುವುದು. ಬಾಗಿಲ ಕಂಡಿಯಿಂದ ಬಿದ್ದ ಬಿಸಿಲು ಅವಳ ಕೈಮೇಲೆ ಹೋಗುತ್ತ ಬರುತ್ತ ಇತ್ತು. ನಿದ್ದೆಯಲ್ಲಿದ್ದ ಮಕ್ಕಳನ್ನು ಸರಿಪಡಿಸುವವಳ ಹಾಗೆ ಕಾಣುತ್ತಿದ್ದಳು.

ಇನ್‌ಸ್ಪೆಕ್ಟರಮ್ಮ ಒಣಕೋಲನ್ನು ಮೊಟ್ಟೆಯ ತಟ್ಟೆಯ ಪಕ್ಕದಲ್ಲಿಟ್ಟಳು. ಕೋಲನ್ನು ನೋಡಿದಳು. ನಾದಿನಿಯನ್ನು ನೋಡಿದಳು. ಮತ್ತೆ ಕೋಲನ್ನು.

"ಹಾಗೆ ನೋಡಿದ್ರೆ ನನಗೆ ನಡೆಯಲ್ಲ ಅತ್ತಿಗೆ" ಅಂದಳು ನಾದಿನಿ. "ಹಲ್ಲು ಕೀಳಿಸ್ಕೊಳ್ಳೋರು ದಿನಾ ಹಾಗೇ ನೋಡ್ತಾರೆ." ನಗುವುದಕ್ಕೆ ಹೊರಟವಳು ನಗಲಿಲ್ಲ. ಕೈಯಲ್ಲಿ ಒಂದು ಮೊಟ್ಟೆ ಹಾಗೇ ಉಳಿಯಿತು. "ಕೇಳಿ. ಬಾಯಿ ಬಿಟ್ಟು ಕೇಳಿ. ನಾನಾಗಿ ಹೇಳಲ್ಲ ಅಂತ ಅಣ್ಣಂಗೆ ಮಾತು ಕೊಟ್ಟಿದೀನಿ. ನೀವು ಕೇಳಿದ್ರೂ ಹೇಳ್ಬೇಡ ಅಂತ ಅವನು ಹೇಳ್ಲಿಲ್ಲ. ನೀವು ಕೇಳಲ್ಲ ಅಂತ ಅವನಿಗೆ ಗೊತ್ತಿತ್ತಲ್ಲ. ಎಷ್ಟು ದಿನದಿಂದ ಕಾಯ್ತಿದೀನಿ ಗೊತ್ತಾ ನಿಮಗೆ. ಒಂದೇ ಒಂದು ಸಲ."

ದೋಣಿ ಒಂದು ಅಲೆ ಹತ್ತಿ ಇಳಿಯಿತು. ಮೇಲೆ ಮರದ ಮೇಲೆ ಬೂಟು ಉಜ್ಜಿದ ಸದ್ದು.

"ಯಾಕೆ ಚೆಲ್ಲಿದೆ?" ಎಂದು ಕೇಳಿದಳು ಇನ್‌ಸ್ಪೆಕ್ಟರಮ್ಮ.

ಅವಳ ದನಿ ಅವಳಿಗೇ ಬೇರೆ ಯಾರದೋ ಅನಿಸಿತು. ಅಪರಾಧ ವಿಭಾಗದ ಆ ಪುಟ್ಟ ಕೋಣೆ, ಆ ಮೇಜು, ಆ ಹಳೆಯ ದನಿ.

ನಾದಿನಿ ಅಣೆಕಟ್ಟು ಒಡೆದ ಹಾಗೆ ಹೇಳಿದಳು. ಅಣ್ಣನ ಕಾಯಿಲೆ, ಕಾಲು, ವಾಸನೆ, ಎಲ್ಲ. ತನ್ನ ಪಾಳಿಗಳಲ್ಲಿ ಕಾಲುಪಂಪು ತುಳಿದು ತುಳಿದು ಹಿಂದಿನ ಟ್ಯಾಂಕಿನ ನೀರನ್ನೆಲ್ಲ ಸಮುದ್ರಕ್ಕೆ ಬಿಟ್ಟದ್ದು ತಾನೇ. ಕೊನೆಗಾಲದ ನೀರು ಇಲ್ಲ ಅಂದರೆ ಎಂಥ ಹಟಮಾರಿ ಕಪ್ತಾನನೂ ಹತ್ತಿರದ ದ್ವೀಪಕ್ಕೆ ತಿರುಗಿಸಲೇಬೇಕು. ದ್ವೀಪದಲ್ಲಿ ಆಸ್ಪತ್ರೆಯಿದೆ. ಮಾತೂ ಮುರಿಯುವುದಿಲ್ಲ, ಅಣ್ಣನೂ ಉಳಿಯುತ್ತಾನೆ. ಟ್ಯಾಂಕು ಸೋರಿಹೋಯಿತೆಂದು ಇವತ್ತು ಸಂಜೆ ಹೇಳಬೇಕೆಂದಿದ್ದಳಂತೆ.

"ಅಲ್ಲೀತನಕ ಮುಂದಿನ ಟ್ಯಾಂಕು ಸಾಕಲ್ಲ" ಅಂದಳು. "ಲೆಕ್ಕ ಹಾಕೇ ಮಾಡಿದೀನಿ ಅತ್ತಿಗೆ. ಅಣ್ಣಂಗೆ ನನ್ನ ಬಾಟ್ಲೀನೂ ಕೊಟ್ಟುಬಿಡ್ತೀನಿ. ಅವನಿಗೆ ಅಷ್ಟರಲ್ಲೇ ಆಗುತ್ತೆ."

ಇನ್‌ಸ್ಪೆಕ್ಟರಮ್ಮನ ಮುಖ ಮಾತಾಡಿರಬೇಕು. ನಾದಿನಿಯ ತುಟಿ ಒಣಗಿತು.

"ದಿನಾ ಕೇಳ್ದೆ ನಿಮ್ಮನ್ನ" ಅಂದಳು ಮೆಲ್ಲಗೆ. "ದಿನಾ ಇದೆ ಅಂದ್ರಿ."

"ಮುಂದಿನದ್ರಲ್ಲಿ ಕಪ್ಪು ದಾರ" ಅಂದಳು ಅತ್ತಿಗೆ.

ಮೊಟ್ಟೆ ನಾದಿನಿಯ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಇಬ್ಬರೂ ಅದನ್ನು ನೋಡಲಿಲ್ಲ. ಅಣ್ಣ ಒಂದು ಟ್ಯಾಂಕನ್ನು ಗುಟ್ಟಾಗಿ ಕುಡಿದಿದ್ದ, ತಂಗಿ ಇನ್ನೊಂದನ್ನು ಗುಟ್ಟಾಗಿ ಚೆಲ್ಲಿದ್ದಳು, ಅಳೆಯುತ್ತಿದ್ದವಳು ಗುಟ್ಟಾಗಿ ಅಳೆಯುತ್ತಿದ್ದಳು. ಮೂವರೂ ಒಬ್ಬರ ನಿದ್ದೆಗೆ ಇನ್ನೊಬ್ಬರು ಅಡ್ಡ ಬರದ ಹಾಗೆ ಎಷ್ಟು ಮೆತ್ತಗೆ ನಡೆದಿದ್ದರೆಂದರೆ, ಈಗ ಐದಾರು ದಿನದ ದಾರಿಗೆ ಎರಡು ದಿನದ ನೀರಿತ್ತು. ಅದರಲ್ಲಿ ಒಬ್ಬನಿಗೆ ನಾಲ್ವರ ಬಾಯಾರಿಕೆ.

ಆಗ ತಲೆಯ ಮೇಲೆ ಹಾಯಿ ಪಟಪಟ ಬಡಿಯತೊಡಗಿತು.

ಗಾಳಿಗೆ ಸರಿಯಾಗಿ ಹಿಡಿದ ದೋಣಿಯ ಹಾಯಿ ಹಾಗೆ ಬಡಿಯುವುದಿಲ್ಲ. ಯಾರೂ ಹಿಡಿಯದ ದೋಣಿಯದು ಬಡಿಯುತ್ತದೆ. ನೆಲ ನೆಟ್ಟಗಾಯಿತು, ಮತ್ತೆ ದಿಕ್ಕುತಪ್ಪಿ ವಾಲಿತು. ಬಿಸಿಲಿನ ಚೌಕ ಗೋಡೆಯುದ್ದಕ್ಕೂ ಅಲೆದಾಡಿತು.

"ಮೇಡಂ" ಎಂದು ಗಡ್ಡಪ್ಪ ಕರೆದ. ಕಿರುಚಲಿಲ್ಲ. ಹತ್ತಿರದಿಂದ, ಸಣ್ಣ ದನಿಯಲ್ಲಿ. "ಮೇಡಂ, ಮೇಲೆ ಬನ್ನಿ."

ಅವಳು ಏಣಿ ಹತ್ತಿದಳು. ಗಡ್ಡಪ್ಪ ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದು, ಇನ್ನೊಂದರಲ್ಲಿ ಕಪ್ತಾನನ ಬೆಲ್ಟನ್ನು ಬಿಗಿಹಿಡಿದಿದ್ದ. ಕಪ್ತಾನ ಚುಕ್ಕಾಣಿಯ ಮೇಲೆ ಕೆನ್ನೆಯಿಟ್ಟು, ಮಧ್ಯಾಹ್ನದ ಮೇಜಿನ ಮೇಲೆ ಮಲಗಿದವನಂತೆ ಒರಗಿದ್ದ. ಕಣ್ಣು ಅರೆ ತೆರೆದಿತ್ತು. ಅದು ಎಲ್ಲಿಯೂ ನೋಡುತ್ತಿರಲಿಲ್ಲ. ಉಸಿರು ಆಳವಾಗಿ, ಅವಸರದಿಂದ, ದೂರ ಓಡಿಬಂದವನ ಉಸಿರಿನಂತೆ ಬರುತ್ತಿತ್ತು. ಅದರಲ್ಲಿ ಮಾಗಿದ ಹಣ್ಣಿನ ವಾಸನೆ.

ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಸುತ್ತ ನೀಲಿ, ಅದರಾಚೆ ನೀಲಿ, ದ್ವೀಪದ ದಿಕ್ಕಿನಲ್ಲೂ ನೀಲಿ.

"ರೀ" ಅಂದಳು. "ಕೇಳಿಸ್ತಿದೆಯಾ?"

ಅದು ಎರಡನೆಯ ಪ್ರಶ್ನೆ. ಉತ್ತರ ಬರಲಿಲ್ಲ.

ಮದುವೆಯ ದಿನ ಕೊಟ್ಟ ಮಾತು ಮುರಿದಿತ್ತು.